ಮೆಲ್ಲಗೆ ಮಾತಾಡುವ ಮನೆ

ಹೊಳೆಯಾಚೆಯಿಂದ ಮರಳಿ ಶಹಾಪುರದ ನಮ್ಮ ಮನೆಗೆ ಬಂದ ಮೇಲೆ, ಮನೆಯವರೆಲ್ಲ ಮೆಲ್ಲಗೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಾರೆ ಎಂದು ನಾನು ತಿಳಿದಿದ್ದೆ. ಅದರಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ. ನಿಜಾಮನ ಆಳ್ವಿಕೆಯ ಕೊನೆಯ ದಿನಗಳಲ್ಲಿ ರಜಾಕಾರರ ಭಯಕ್ಕೆ ಊರು ಬಿಟ್ಟಾಗಿನಿಂದ ನಾವು ಆಡಿದ್ದೆಲ್ಲ ಪಿಸುಮಾತೇ. ಹಗಲೆಲ್ಲ ಸಜ್ಜೆಯ ಹೊಲಗಳಲ್ಲಿ ಕೂತು, ಹೊತ್ತು ಇಳಿದ ಮೇಲೆ ಮುಂದೆ ಸಾಗಿ, ಕೃಷ್ಣೆಯ ದಡ ಸೇರುವವರೆಗೆ ಯಾರೂ ದನಿ ಎತ್ತಿರಲಿಲ್ಲ. ಎಲ್ಲೋ ದೂರದಲ್ಲಿ ಬಂದೂಕಿನ ಸದ್ದಾದರೆ, ಇಲ್ಲವೇ ಸದ್ದಾಯಿತೆಂದು ಯಾರಾದರೂ ಅಂದರೂ ಸಾಕು, ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ದೇವರ ದೀಪದ ಬತ್ತಿಗೆಂದು ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದ ಅರಳೆಯನ್ನು ಕಿತ್ತು, ಉಂಡೆ ಮಾಡಿ, ನನ್ನ ಎರಡೂ ಕಿವಿಗಳಲ್ಲಿ ಬೆರಳಿನಿಂದ ಒತ್ತಿ ತುರುಕುತ್ತಿದ್ದಳು.

“ಕೇಳಿಸಿದ್ರ ಅಲ್ಲೇನು ಅಂಜಿಕಿ ಬರಾದು? ಕೇಳಾದೇ ಬ್ಯಾಡ ಬಿಡು,” ಎನ್ನುತ್ತಿದ್ದಳು.

ಹೊಳೆಯಾಚೆಯ ಹಳ್ಳಿಯಲ್ಲಿ ನಮ್ಮಂತೆಯೇ ಓಡಿಬಂದ ಹಲವು ಕುಟುಂಬಗಳು ಒಂದು ಛತ್ರದಲ್ಲಿ ಇಳಿದುಕೊಂಡಿದ್ದವು. ಅಲ್ಲಿ ಕೂಸುಗಳ ಅಳು, ಹೆಂಗಸರ ಜಗಳ, ಮುದುಕರ ಕೆಮ್ಮು. ನನಗೆ ನಿದ್ದೆ ಬರಲಿ ಎಂದು ಆಯಿ ಅಲ್ಲಿಯೂ ಅರಳೆ ಇಡುತ್ತಿದ್ದಳು. ಬೆಳಿಗ್ಗೆ ತೆಗೆಯುವಾಗ ಕೈಗೆ ಸಿಕ್ಕಷ್ಟು ಬರುತ್ತಿತ್ತು. ಸಿಗದೆ ಒಳಗೆ ಉಳಿದದ್ದನ್ನು ಯಾರು ಲೆಕ್ಕ ಇಡಬೇಕು? ಪೊಲೀಸ್ ಆಕ್ಷನ್ ಮುಗಿದು, ಕಚೇರಿಯ ಮೇಲೆ ಹೊಸ ಬಾವುಟ ಹಾರಿ, ನಾವು ಹಿಂದಿರುಗಿದಾಗ ನಮ್ಮ ಮನೆಯ ಬಾಗಿಲ ಕೀಲು ಮುರಿದಿತ್ತು, ಆದರೆ ಎಮ್ಮೆ ಬದುಕಿತ್ತು. ಪಕ್ಕದ ಮುಸಲ್ಮಾನರ ಮನೆಯ ಚಾಚಿ ಅದನ್ನು ತನ್ನ ಹಿತ್ತಲಲ್ಲಿ ಕಟ್ಟಿಕೊಂಡು ಮೇಯಿಸಿದ್ದಳು. ಎಮ್ಮೆಯ ಹಗ್ಗವನ್ನು ಅವ್ವನ ಕೈಗೆ ಕೊಡುವಾಗ ಚಾಚಿಯ ತುಟಿಗಳು ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ. ಈಗ ಅಂಜುವ ಸರದಿ ಅವರ ಮನೆಯದಾಗಿದೆ, ಅದಕ್ಕೇ ಅವಳೂ ಪಿಸುಗುಟ್ಟುತ್ತಿದ್ದಾಳೆ ಎಂದುಕೊಂಡೆ. ಹಾಗೆ ಇಡೀ ಓಣಿಯೇ ನನ್ನ ಪಾಲಿಗೆ ಮೆಲುದನಿಯದಾಯಿತು.

ಜೋರಾಗಿ ಕೇಳುತ್ತಿದ್ದದ್ದು ಒಂದೇ, ನನ್ನೊಳಗಿನ ಸದ್ದು. ಗಟ್ಟಿಯಾದ ಕಟಿ ರೊಟ್ಟಿ ಕಡಿದರೆ ತಲೆಯೊಳಗೆ ಯಾರೋ ಒಣಗಿದ ದಂಟು ಮುರಿದಂತೆ. ನೀರು ನುಂಗಿದರೆ ಬಾವಿಗೆ ಕೊಡ ಬಿಟ್ಟಂತೆ. ನಾನೇ ಮಾತಾಡಿದರೆ ನನ್ನ ದನಿ ಹೊರಗೆ ಹೋಗದೆ ತಲೆಬುರುಡೆಯಲ್ಲಿ ಸುತ್ತಿ ಗುಂಯ್‌ಗುಡುತ್ತಿತ್ತು. ಅದಕ್ಕಾಗಿ ನಾನು ಮಾತು ಕಡಿಮೆ ಮಾಡಿದೆ, ಆಡಿದರೂ ಸಣ್ಣಗೆ ಆಡಿದೆ. ಮೊದಲೆಲ್ಲ ಮಾಳಿಗೆಯ ಮೇಲೆ ನಿಂತು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದ ಹುಡುಗಿ ಹೀಗೆ ಮೂಕಿಯಾದದ್ದನ್ನು ಕಂಡು ಆಯಿ ಒಂದೇ ತೀರ್ಮಾನಕ್ಕೆ ಬಂದಳು: ಕೂಸಿಗೆ ಅಂಜಿಕೆ ಹೊಕ್ಕಿದೆ. ದರ್ಗಾದಿಂದ ತಾಯಿತ ಬಂತು, ಮಠದಿಂದ ಬೂದಿ ಬಂತು. ಆಯಿ ನಡುಮನೆಯ ಕಂಬಕ್ಕೆ ಒರಗಿ ಕೂತು, ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಕೂದಲಲ್ಲಿ ಬೆರಳಾಡಿಸುತ್ತ ಏನೇನೋ ಹೇಳುತ್ತಿದ್ದಳು. ಅವಳ ಎದೆಯ ನಡುಕ ನನ್ನ ಕೆನ್ನೆಗೆ ತಾಗುತ್ತಿತ್ತು, ಹಾಡುತ್ತಿದ್ದಾಳೆಂದು ಅದರಿಂದ ತಿಳಿಯುತ್ತಿತ್ತು.

ಆ ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಫರ್ಸಿ ಕಲ್ಲಿನ ನೆಲ, ಮಣ್ಣಿನ ಮಾಳಿಗೆ, ನಡುಮನೆಗೆ ಒಂದು ಬೆಳಕಿಂಡಿ. ಮುಂದೆ ಕಟ್ಟೆ, ಅಲ್ಲಿ ಗಂಡಸರು. ಹಿಂದೆ ಅಡಿಗೆ ಮನೆ, ಅಲ್ಲಿ ಅವ್ವ. ನಡುವೆ ಆಯಿ. ಯಾವುದು ಹಿಂದಿನಿಂದ ಮುಂದೆ ಹೋಗಬೇಕಾದರೂ, ಮುಂದಿನಿಂದ ಹಿಂದೆ ಬರಬೇಕಾದರೂ ಆಯಿಯನ್ನು ದಾಟಿಯೇ ಆಗಬೇಕು. ಆಯಿ ಕೂತಲ್ಲಿಂದಲೇ ಅವ್ವನನ್ನು ಕೂಗುತ್ತಿದ್ದಳು. ಒಲೆಗೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದ ಅವ್ವ ಒಂದೊಂದು ಸಲ ಓಗೊಡುತ್ತಿದ್ದಳು, ಎಷ್ಟೋ ಸಲ ಇಲ್ಲ. ಆಗ ಆಯಿಯ ಮುಖ ಕೆಂಪೇರುತ್ತಿತ್ತು. ಅವ್ವನ ತವರು ಸುರಪುರದ ಮಗ್ಗುಲಿನ ರಂಗಂಪೇಟೆ. ‘ರಂಗಂಪೇಟಿ ಸೊಕ್ಕು’ ಎಂಬ ಮಾತು ನಮ್ಮ ಮನೆಯಲ್ಲಿ ಉಪ್ಪಿನಷ್ಟು ಸಾಮಾನ್ಯವಾಗಿತ್ತು. ನನಗೆ ಕಿವಿ ಕೇಳುತ್ತಿದ್ದ ದಿನಗಳಲ್ಲಿ ಅದನ್ನು ದಿನಕ್ಕೊಮ್ಮೆಯಾದರೂ ಕೇಳಿದ್ದೇನೆ. ಅವ್ವ ಎಂದೂ ಎದುರಾಡಲಿಲ್ಲ. ಎದುರಾಡದಿದ್ದದ್ದೂ ಸೊಕ್ಕಿನ ಲೆಕ್ಕಕ್ಕೇ ಸೇರಿತು.

ಆ ವರ್ಷ ಊರಲ್ಲಿ ಹುಡುಗಿಯರಿಗೆಂದು ಕನ್ನಡ ಶಾಲೆ ಶುರುವಾಯಿತು. ಅಪ್ಪನಿಗೆ ಬಜಾರಿನಲ್ಲಿ ಬಟ್ಟೆಯ ಅಂಗಡಿ ಇತ್ತು. ಮಗಳನ್ನು ಓದಿಸಬೇಕೆಂಬ ಆಸೆ ಅವನಿಗೆ ಎಲ್ಲಿಂದ ಬಂತೋ, ಮೊದಲ ದಿನ ತಾನೇ ಕೈಹಿಡಿದು ಕರೆದುಕೊಂಡು ಹೋದ. ವಿಜಾಪುರದ ಕಡೆಯಿಂದ ಬಂದ ಅಕ್ಕೋರು ಕುರ್ಚಿಯಲ್ಲಿ ಕೂತು ಶಬ್ದಗಳನ್ನು ಹೇಳುವರು, ನಾವು ಪಾಟಿಯ ಮೇಲೆ ಬರೆಯಬೇಕು. ನಾನು ಅವರ ತುಟಿಗಳನ್ನೇ ನೋಡುತ್ತಿದ್ದೆ. ಹಾಗೆ ನೋಡುತ್ತಿದ್ದೇನೆಂದು ನನಗೂ ಗೊತ್ತಿರಲಿಲ್ಲ. ಅವರು ‘ಮಳೆ’ ಎಂದರೆ ನಾನು ‘ಬಳೆ’ ಎಂದು ಬರೆದೆ. ‘ಮರ’ ಎಂದರೆ ‘ಬರ’ ಎಂದು ಬರೆದೆ. ತುಟಿಗೆ ಎರಡೂ ಒಂದೇ. ಅವರು ಕರಿಹಲಗೆಯ ಕಡೆ ತಿರುಗಿ ಹೇಳಿದ್ದಕ್ಕೆ ನನ್ನ ಪಾಟಿ ಖಾಲಿ. ಮೊದಲು ತಿದ್ದಿದರು, ಆಮೇಲೆ ಗದರಿದರು, ಕೊನೆಗೆ ಅಪ್ಪನನ್ನು ಕರೆಸಿ, ಈ ಹುಡುಗಿಗೆ ವಿದ್ಯೆ ಹತ್ತುವುದಿಲ್ಲ, ಸುಮ್ಮನೆ ಹೊತ್ತು ಕಳೆಯುವುದೇಕೆ ಎಂದರು. ಅಪ್ಪ ಮನೆಗೆ ಬಂದು ಕಟ್ಟೆಯ ಮೇಲೆ ಟೊಪ್ಪಿಗೆ ತೆಗೆದಿಟ್ಟು ಬಹಳ ಹೊತ್ತು ಕೂತ. ಆಯಿಗೆ ಮಾತ್ರ ಅದರಲ್ಲಿ ದುಃಖವೇನೂ ಕಾಣಲಿಲ್ಲ. ಶಾಲೆ ಬಿಡಿಸಿ ಮನೆಯಲ್ಲಿ ಇಟ್ಟುಕೊಂಡರೆ ಅಂಜಿಕೆ ತಾನಾಗಿ ಇಳಿಯುತ್ತದೆ ಎಂದಳು. ನನ್ನ ಪಾಟಿ ಗೂಡು ಸೇರಿತು.

ನಿಜ ಏನೆಂದು ಮೊದಲು ಬಾಯಿಬಿಟ್ಟು ಹೇಳಿದವನು ಮಲ್ಲಣ್ಣ ಕಾಕಾ, ಅಪ್ಪನ ತಮ್ಮ. ಅವನು ಉರ್ದು ಶಾಲೆಯಲ್ಲಿ ಓದಿ ಕಚೇರಿಯಲ್ಲಿ ಕಾರಕೂನನಾಗಿದ್ದ. ಮನೆಯಲ್ಲಿ ಕನ್ನಡ ಮಾತಾಡಿದರೂ ಕನ್ನಡ ಅಕ್ಷರ ಅವನಿಗೆ ಬರುತ್ತಿರಲಿಲ್ಲ. ಇನ್ನು ಮುಂದೆ ಕಾಗದಪತ್ರಗಳೆಲ್ಲ ಕನ್ನಡದಲ್ಲೇ ನಡೆಯುತ್ತವಂತೆ ಎಂಬ ಸುದ್ದಿಗೆ ಹೆದರಿ, ನಾನು ಬಿಟ್ಟ ಒಂದನೆಯ ಪುಸ್ತಕವನ್ನು ತಾನು ಹಿಡಿದ. ಬಲದಿಂದ ಎಡಕ್ಕೆ ಓದಿ ರೂಢಿಯಾದ ಅವನ ಬೆರಳು ಪ್ರತಿ ಸಾಲಿಗೂ ತಪ್ಪು ತುದಿಯಲ್ಲಿ ಇಳಿಯುತ್ತಿತ್ತು. ಅಕ್ಷರ ತಿಳಿಯದಿದ್ದರೆ ನನ್ನನ್ನೇ ಕೇಳುತ್ತಿದ್ದ. ನಾನು ಹೇಳಿಕೊಡುತ್ತಿದ್ದೆ. ವಿದ್ಯೆ ಹತ್ತದ ಹುಡುಗಿ ತನಗೆ ಪಾಠ ಹೇಳುತ್ತಿರುವುದು ಅವನಿಗೆ ಸೋಜಿಗವಾಗಿರಬೇಕು. ಒಂದು ದಿನ ಮಧ್ಯಾಹ್ನ ಅವನು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತ ಏನೋ ಕೇಳಿದ. ನಾನು ಸುಮ್ಮನಿದ್ದೆ. ಪುಸ್ತಕ ಕೆಳಗಿಳಿಸಿ ಕೇಳಿದ, ಹೇಳಿದೆ. ಮತ್ತೆ ಅಡ್ಡ ಹಿಡಿದ, ಮತ್ತೆ ನಾನು ಸುಮ್ಮನೆ. ಅವನು ಎದ್ದು ನನ್ನ ಬೆನ್ನ ಹಿಂದೆ ಹೋದ. ಅಲ್ಲಿ ಏನು ಮಾಡಿದನೋ ಕಾಣೆ. ಆಮೇಲೆ ಅವನೇ ಹೇಳಿದ ಪ್ರಕಾರ ಹಿತ್ತಾಳೆಯ ಚರಿಗೆಯನ್ನು ಫರ್ಸಿಯ ಮೇಲೆ ಬಿಟ್ಟಿದ್ದ. ನಾನು ತಿರುಗಿ ನೋಡಲಿಲ್ಲವಂತೆ. ಬೆಳಕಿಂಡಿಯ ಕೆಳಗೆ ನಿಲ್ಲಿಸಿ ನನ್ನ ಕಿವಿಯ ಹಾಲೆಯನ್ನು ಎಳೆದು ಒಳಗೆ ನೋಡಿ, ಆಯಿಯ ಮುಂದೆ ಹೋಗಿ ನಿಂತು ಹೇಳಿದನಂತೆ.

“ಯವ್ವಾ, ಇದು ಅಂಜಿಕಿ ಅಲ್ಲ, ಏನಲ್ಲ. ಕಿವಿ ತುಂಬ ಗುಗ್ಗಿ ಗಿಡಿದದ. ಅದಕ್ಕ ಏನೂ ಕೇಳಸವಲ್ದು. ನಾಳಿಗಿ ಬಜಾರಕ ಹೋಗಿ ಕಿವಿ ಸಾಫ್ ಮಾಡಾವನ್ನ ಕರಕೊಂಡ ಬರ್ತೀನಿ.”

ಹೇಳಿದಂತೆಯೇ ಕರೆತಂದ. ಕೆಂಪು ರುಮಾಲು ಸುತ್ತಿದ, ತೆಳ್ಳನೆಯ ಮನುಷ್ಯ. ರುಮಾಲಿನ ಮಡಿಕೆಯಲ್ಲಿ ಉದ್ದನೆಯ ಸೂಜಿ, ಅದರ ತುದಿ ಚಪ್ಪಟೆ. ಬಗಲಲ್ಲಿ ಸಣ್ಣ ಸಂದೂಕ. ನನ್ನನ್ನು ಅಂಗಳದ ಬಿಸಿಲಿಗೆ ಕೂಡಿಸಿ, ತಾನೂ ಕುಕ್ಕರಗಾಲಲ್ಲಿ ಕೂತು, ಸೂಜಿಯನ್ನು ಅರಿವೆಯಿಂದ ಒರೆಸಿದ. ಆಯಿ ನನ್ನ ತಲೆಯನ್ನು ಗಟ್ಟಿಯಾಗಿ ಹಿಡಿದಳು. ಸೂಜಿ ನನ್ನ ಕಿವಿಗೆ ತಾಗಿತೋ ಇಲ್ಲವೋ, ಅಷ್ಟರಲ್ಲಿ ಆ ಮನುಷ್ಯನ ಕೈ ಗಾಳಿಯಲ್ಲಿ ನಿಂತಿತು. ಅವನ ಮಣಿಕಟ್ಟನ್ನು ಅವ್ವ ಹಿಡಿದಿದ್ದಳು. ಪರಗಂಡಸರ ಎದುರು ಸೆರಗು ಸರಿಸದಿದ್ದ ಅವ್ವ, ಹಿಟ್ಟು ಮೆತ್ತಿದ ಕೈಯಿಂದ ಆ ಅಪರಿಚಿತನ ಕೈ ಹಿಡಿದು ನಿಂತಿದ್ದಳು. ಅಲ್ಲಿ ನಡೆದ ಮಾತು ನನಗೆ ಆಗ ಕೇಳಿಸಲಿಲ್ಲ, ಮುಖಗಳನ್ನಷ್ಟೇ ಕಂಡೆ. ಮಾತುಗಳನ್ನು ಕಾಕಾ ನನಗೆ ಎಷ್ಟೋ ಸಲ ಹೇಳಿದ್ದಾನೆ, ಅವನು ಹೇಳಿದಂತೆಯೇ ಬರೆಯುತ್ತೇನೆ.

“ಬಿಡ್ರಿ. ನನ್ನ ಮಗಳ ಕಿವ್ಯಾಗ ಸೂಜಿ ಹಾಕಬ್ಯಾಡ್ರಿ,” ಎಂದಳಂತೆ ಅವ್ವ.

“ಅಮ್ಮಾರ, ನಾ ಚುಚ್ಚಾಂಗಿಲ್ರಿ. ಹುಟ್ಟಾ ಇದೇ ಕೆಲಸ ಮಾಡೀನಿ,” ಎಂದನಂತೆ ಅವನು.

“ನೀವು ಚುಚ್ಚಾಂಗಿಲ್ರಿ. ಕೂಸು ಜರಾ ಅಲಗಾಡಿದ್ರ?”

ಆಯಿಗೆ ತಡೆಯಲಿಲ್ಲ. “ಏ ಶರಣಮ್ಮ, ಒಳಗ ನಡಿ. ಊರ ಮಂದಿಯೆಲ್ಲ ಕಿವಿ ಸಾಫ್ ಮಾಡಸ್ಕೋತಾರ. ನಿಂದೇನು ದೊಡ್ಡಸ್ತಿಕಿ?”

ಅವ್ವ ಒಳಗೆ ಹೋಗಲಿಲ್ಲ. ಸೆರಗನ್ನು ಹಿಂದಕ್ಕೆ ಸರಿಸಿ ತನ್ನ ಎಡಗಿವಿಯನ್ನು ಆಯಿಯ ಕಡೆ ತಿರುಗಿಸಿದಳು.

“ಈ ಕಿವಿ ನೋಡ್ರಿ ಅತ್ತಿ. ಇದು ಕೇಳಸಾಂಗಿಲ್ಲ. ಸಣ್ಣಾಕಿ ಇದ್ದಾಗ ಕಿವಿ ಕಡೀತದಂತ ನಮ್ಮ ಚಿಗವ್ವ ಪಿನ್ನ ಹಾಕಿ ತಗ್ಯಾಕತ್ತಿದ್ಳು. ಓಡಿಬಂದ ಆಕಳ ಕರಾ ಆಕಿ ಕೈಗಿ ಬಡೀತು. ರಕ್ತ ಬಂತು, ಆಮ್ಯಾಗ ಕೀವು ಸೋರ್ತು, ಆಮ್ಯಾಗ ಏನೂ ಇಲ್ಲ. ಮದುವಿ ಮಾಡಬೇಕಾದ್ರ ನಿಮಗ ಹೇಳಿದ್ದಿಲ್ರಿ. ಹೇಳಬ್ಯಾಡಂತ ನಮ್ಮಪ್ಪ ಆಣಿ ಹಾಕಿಸಿದ್ದ. ನೀವು ಕರದಾಗ ನಾ ಓ ಅನ್ಲಿಲ್ಲಂದ್ರ ಸೊಕ್ಕಿಗಲ್ರಿ. ನನಗ ಕೇಳಸೇ ಇರಾಂಗಿಲ್ಲ.”

ರುಮಾಲಿನವನೇ ಮೊದಲು ಅಲುಗಾಡಿದ. ಸೂಜಿಯನ್ನು ಮಡಿಕೆಗೆ ಸಿಕ್ಕಿಸಿ, ಸಂದೂಕ ಮುಚ್ಚಿ, ಎದ್ದು ನಿಂತು ಕೈಮುಗಿದ.

“ಈ ಕೂಸಿನ ಕಿವಿ ನಾ ಮುಟ್ಟಾಂಗಿಲ್ರಿ ತಾಯಿ. ದವಾಖಾನಿಗಿ ತೋರಿಸ್ರಿ.”

ಆಯಿ ನನ್ನ ತಲೆಯನ್ನು ಬಿಟ್ಟು ಎದ್ದು ಒಳಗೆ ಹೋದಳು. ಕಂಬಕ್ಕೆ ಒರಗದೆ, ಗೋಡೆಗೆ ಮುಖ ಮಾಡಿ ಮಲಗಿದಳು. ಅವ್ವ ಮತ್ತೆ ಒಲೆಯ ಮುಂದೆ ಕೂತಳು, ಹಂಚಿನ ಮೇಲಿದ್ದ ರೊಟ್ಟಿ ಕರಿಯಾಗಿತ್ತು. ಆಗ ನನಗೆ ಗೊತ್ತಿರದ, ನಂತರ ಅವ್ವನೇ ಹೇಳಿದ ಒಂದು ಸಂಗತಿ ಇದೆ. ನಾನು ತುಟಿ ನೋಡಿ ಮಾತು ತಿಳಿಯುತ್ತಿದ್ದೇನೆಂದು ಎಲ್ಲರಿಗಿಂತ ಮೊದಲು ಕಂಡವಳು ಅವಳು, ಏಕೆಂದರೆ ಅವಳೂ ಹಾಗೆಯೇ ಬದುಕುತ್ತಿದ್ದಳು. ತನ್ನ ಕಿವುಡುತನ ಮಗಳಿಗೂ ಬಂದಿದೆ ಎಂಬ ಹೆದರಿಕೆಯಲ್ಲಿ, ಬಾಯಿಬಿಟ್ಟರೆ ತನ್ನ ಗುಟ್ಟು ಹೊರಬೀಳುತ್ತದೆಂಬ ಇನ್ನೊಂದು ಹೆದರಿಕೆಯಲ್ಲಿ, ಅವಳು ಒಳಗೊಳಗೇ ಬೇಯುತ್ತಿದ್ದಳು. ಗುಟ್ಟು ತಿಳಿದರೆ ತವರಿಗೆ ಕಳಿಸುತ್ತಾರೆ ಎಂದೇ ಅವಳ ನಂಬಿಕೆ. ಅಂತಹ ಸೊಸೆಯಂದಿರನ್ನು ಅವಳು ಕಂಡಿದ್ದಳು.

ಅಪ್ಪನಿಗೆ ವಿಷಯ ಮೊದಲೇ ಗೊತ್ತಿತ್ತು. ಗಂಡನಿಂದ ಎಷ್ಟು ದಿನ ಮುಚ್ಚಿಡಲು ಸಾಧ್ಯ? ಅವ್ವನ ಜೊತೆ ನಡೆಯುವಾಗ ಅವನು ಯಾವಾಗಲೂ ಅವಳ ಬಲಕ್ಕೇ ಬರುತ್ತಿದ್ದ. ಅದರ ಅರ್ಥ ನನಗಾದದ್ದು ಮರುದಿನ ಅವರಿಬ್ಬರೂ ನನ್ನನ್ನು ಯಾದಗಿರಿಯ ದವಾಖಾನೆಗೆ ಕರೆದುಕೊಂಡು ಹೋದಾಗ. ಅಲ್ಲಿದ್ದ ಡಾಕ್ಟರಮ್ಮ ವಯಸ್ಸಾದ ಹೆಂಗಸು, ದಪ್ಪ ಕನ್ನಡಕ. ಹಣೆಗೆ ಕಟ್ಟಿಕೊಂಡ ಕನ್ನಡಿಯಿಂದ ಬೆಳಕನ್ನು ನನ್ನ ಕಿವಿಗೆ ಬಿಟ್ಟು ನೋಡಿದಳು. ಕಿವಿ ಸೋರಿತ್ತೇ, ನೋವಿತ್ತೇ, ಜ್ವರ ಬಂದಿತ್ತೇ, ತಲೆ ತಿರುಗಿತ್ತೇ ಎಂದು ಕೇಳಿದಳಂತೆ, ಅಲ್ಲಿಯ ಮಾತೆಲ್ಲ ಅವ್ವ ಆಮೇಲೆ ಹೇಳಿದ್ದು. ಯಾವುದೂ ಇರಲಿಲ್ಲ. ಕಿವಿಗೆ ಏನಾದರೂ ತುರುಕಿದ್ದಿರಾ ಎಂದಾಗ ಅಪ್ಪ ಅರಳೆಯ ಮಾತು ಹೇಳಿದ. ಡಾಕ್ಟರಮ್ಮ ತಲೆಯಾಡಿಸಿದಳು. ಗುಗ್ಗೆ ಎನ್ನುವುದು ಕೊಳೆಯಲ್ಲ, ಧೂಳು ಹುಳು ಒಳಹೋಗದಂತೆ ಕಿವಿ ತಾನೇ ಮಾಡಿಕೊಳ್ಳುವ ಮೇಣ. ಸುಮ್ಮನೆ ಬಿಟ್ಟರೆ ತಾನಾಗಿ ಹೊರಗೆ ಬರುತ್ತದೆ, ಹೊರಗಿನಿಂದ ಒತ್ತಿದರೆ ಒಳಗೆ ಹೋಗಿ ಗಟ್ಟಿಯಾಗುತ್ತದೆ ಎಂದು ವಿವರಿಸಿದಳು. ಒಣಗಿ ಕಲ್ಲಾಗಿದೆ, ಈಗಲೇ ತೆಗೆಯಲು ಹೋದರೆ ಕೂಸಿಗೆ ನೋವಾಗುತ್ತದೆ, ಮೊದಲು ಮನೆಯಲ್ಲಿ ಮೆತ್ತಗೆ ಮಾಡಿರಿ ಎಂದು ಅವ್ವನಿಗೆ ಹೇಳಿಕೊಟ್ಟಳು. ಅವ್ವ ಬಲಗಿವಿಯನ್ನು ಮುಂದೆ ಮಾಡಿ ಕೇಳುತ್ತಿದ್ದುದನ್ನು ಕಂಡು, ನಿಮ್ಮದೂ ತೋರಿಸಿರಿ ಎಂದಳು. ನೋಡಿ, ಕನ್ನಡಿ ಕೆಳಗಿಳಿಸಿ, ನಿಧಾನವಾಗಿ ಹೇಳಿದಳು.

“ಈ ಕಿವಿ ಪರದಿಗಿ ತೂತು ಅದ. ಹಳೇದು. ಇದಕ್ಕ ಎಣ್ಣಿ, ನೀರು ಏನೂ ಬಿಡಬ್ಯಾಡ್ರಿ. ನಿಮ್ಮ ಮಗಳ ಪರದಿಗಿ ಏನೂ ಆದಾಂಗ ಕಾಣಸ್ತಿಲ್ಲ. ಅಕಿಗಿ ಮಾತ್ರ ನಾ ಹೇಳಿದಾಂಗ ಮಾಡ್ರಿ.”

ಹಬ್ಬದ ಎಣ್ಣೆ ಸ್ನಾನದಲ್ಲಿ ಆಯಿ ಎಲ್ಲರ ಕಿವಿಗೂ ಬಿಸಿ ಎಣ್ಣೆ ಸುರಿಯುತ್ತಿದ್ದಳು. ಆಗೆಲ್ಲ ಅವ್ವ ಹಲ್ಲು ಕಚ್ಚಿ ಕೂರುತ್ತಿದ್ದುದು, ಆಮೇಲೆ ಎಷ್ಟೋ ದಿನ ಎಡಗಿವಿಗೆ ಸೆರಗು ಒತ್ತಿಕೊಂಡು ಓಡಾಡುತ್ತಿದ್ದುದು ನನಗೆ ನೆನಪಿದೆ. ದವಾಖಾನೆಯ ಮೆಟ್ಟಿಲಿಳಿಯುವಾಗ ಅಪ್ಪ ಅವ್ವನ ಕಡೆ ನೋಡದೆ, ಎದುರಿನ ಬೇವಿನ ಮರವನ್ನೇ ನೋಡುತ್ತ ನಿಂತ.

ಮರುದಿನದಿಂದ ಊಟದ ನಂತರದ ಹೊತ್ತು ನನ್ನ ಕಿವಿಗೆ ಮೀಸಲಾಯಿತು. ಬೆಳಕಿಂಡಿಯ ಬಿಸಿಲು ನಡುಮನೆಯ ಫರ್ಸಿಯ ಮೇಲೆ ಚೌಕನಾಗಿ ಬಿದ್ದಿರುತ್ತಿತ್ತು. ಅವ್ವ ಅಲ್ಲಿ ಚಾಪೆ ಹಾಸಿ ಕೂತು ನನ್ನನ್ನು ತೊಡೆಯ ಮೇಲೆ ಮಗ್ಗುಲಾಗಿ ಮಲಗಿಸುತ್ತಿದ್ದಳು. ಸೋಸಿದ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಒಲೆಗೆ ತೋರಿಸುತ್ತಿರಲಿಲ್ಲ. ಬಿಸಿನೀರಿನ ತಾಟಿನಲ್ಲಿ ಇಟ್ಟು, ಎಣ್ಣೆ ಮೈಯಷ್ಟೇ ಬೆಚ್ಚಗಾದ ಮೇಲೆ ತನ್ನ ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡುತ್ತಿದ್ದಳು. ಆಯಿಯ ಪದ್ಧತಿಯಂತೆ ಬೆಳ್ಳುಳ್ಳಿ ಹಾಕಿ ಕುದಿಸಲಿಲ್ಲ. ಡಾಕ್ಟರಮ್ಮ ಕೊಟ್ಟ ಗಾಜಿನ ನಳಿಕೆಯಿಂದ ಕೆಲವೇ ಹನಿ. ಕಿವಿಯ ಹಾಲೆಯನ್ನು ಹಿಂದಕ್ಕೂ ಮೇಲಕ್ಕೂ ಮೆತ್ತಗೆ ಎಳೆದರೆ ಹನಿ ಒಳಗಿಳಿಯುವುದು. ಅದು ಇಳಿಯುವಾಗ ಇರುವೆ ಹರಿದಂತೆ ಕಚಗುಳಿ. ಸ್ವಲ್ಪ ಹೊತ್ತು ಅಲುಗದೆ ಮಲಗಬೇಕು, ಆಮೇಲೆ ಇನ್ನೊಂದು ಮಗ್ಗುಲು. ಎದ್ದ ಮೇಲೆ ಹೊರಗೆ ಬಂದ ಎಣ್ಣೆಯನ್ನಷ್ಟೇ ಒರೆಸುತ್ತಿದ್ದಳು, ಕಿವಿಯೊಳಗೆ ಬಟ್ಟೆಯ ತುದಿಯನ್ನೂ ಹಾಕುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವ್ವನ ಬೆರಳುಗಳು ಎಷ್ಟು ಹಗುರಾಗಿದ್ದವೆಂದರೆ, ಎಮ್ಮೆ ಹಿಂಡುವ, ರೊಟ್ಟಿ ಬಡಿಯುವ ಕೈ ಅದೇ ಎಂದು ನಂಬುವುದು ಕಷ್ಟವಾಗಿತ್ತು.

ಆದರೆ ಕೆಲವು ದಿನಗಳಲ್ಲಿ ನನ್ನ ಕಿವಿ ಸುಧಾರಿಸುವ ಬದಲು ಪೂರ್ತಿ ಮುಚ್ಚಿಕೊಂಡಿತು. ಮೊದಲು ಕೇಳುತ್ತಿದ್ದ ಅಷ್ಟಿಷ್ಟೂ ಹೋಯಿತು. ನಾನು ಅತ್ತೆ. ನನ್ನ ಅಳು ನನಗೇ ತಲೆಯೊಳಗೆ ಗುಡುಗಿದಂತಾಗಿ ಇನ್ನೂ ಅತ್ತೆ. ಅಂಗಳದ ಆ ದಿನದಿಂದ ಅವ್ವನ ಜೊತೆ ಒಂದು ಮಾತೂ ಆಡಿರದ ಆಯಿ ಬಂದು ನಡುವೆ ನಿಂತಳು. ಅವಳ ಬಾಯಿಯಿಂದಲೇ ನಾನು ಓದಿಕೊಂಡೆ: ಕೂಸಿಗೂ ನಿನ್ನ ಗತಿಯೇ ಮಾಡಿದೆ. ಅವ್ವ ಅವಳ ಕಡೆ ತಿರುಗಿ, ಒಣ ಗುಗ್ಗೆ ಎಣ್ಣೆ ಕುಡಿದು ಉಬ್ಬುತ್ತದೆ, ಆಗ ಮುಚ್ಚಿದಂತಾಗುತ್ತದೆ, ನೋವಿಲ್ಲದಿದ್ದರೆ ಹೆದರಬೇಡಿ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದಾರೆ ಎಂದಳಂತೆ. ಆಮೇಲೆ ನನ್ನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು, ತುಟಿಗಳನ್ನು ಬಿಡಿಸಿ ಬಿಡಿಸಿ ಕೇಳಿದಳು.

“ನೋವದೇನು?”

ಇಲ್ಲವೆಂದು ತಲೆಯಾಡಿಸಿದೆ. ಆಯಿ ಹೋಗಿ ಕಂಬಕ್ಕೆ ಒರಗಿದಳು. ಅಲ್ಲಿಂದಲೇ ದಿಟ್ಟಿಸುತ್ತಿದ್ದಳು.

ಗುಗ್ಗೆ ಮೆತ್ತಗಾಗಿರಬೇಕು ಎಂದು ಅವ್ವನಿಗೆ ಅನ್ನಿಸಿದ ದಿನ ಬೆಳಿಗ್ಗೆ ನೀರು ಕಾಯಿಸಿ ಆರಿಸಿದಳು. ಬಹಳ ಬಿಸಿಯಾದರೂ ತಣ್ಣಗಾದರೂ ತಲೆ ತಿರುಗುತ್ತದೆಂದು ಮತ್ತೆ ಮತ್ತೆ ಮಣಿಕಟ್ಟಿಗೆ ಬಿಟ್ಟು ನೋಡಿದಳು. ದವಾಖಾನೆಯಿಂದ ತಂದ ರಬ್ಬರಿನ ಪಿಚಕಾರಿಯನ್ನು ಕಾಕಾ ಬಿಸಿನೀರಿನಲ್ಲಿ ತೊಳೆದುಕೊಟ್ಟ. ಅಪ್ಪ ಅಂಗಡಿಗೆ ಹೋಗದೆ ಉಳಿದಿದ್ದ. ನನ್ನ ಕಿವಿಯ ಕೆಳಗೆ ಬಟ್ಟಲು ಹಿಡಿಯುವುದು ಅವನ ಕೆಲಸ. ಅವ್ವ ನೀರನ್ನು ನೇರವಾಗಿ ಬಿಡದೆ, ಕಿವಿಯ ಮೇಲಿನ ಗೋಡೆಯನ್ನು ಸವರಿ ಹೋಗುವಂತೆ, ಬಹಳ ಮೆತ್ತಗೆ ಒತ್ತಿದಳು. ಬಟ್ಟಲಿಗೆ ಬರಿ ನೀರು ಬಂತು. ಮತ್ತೆ ಒತ್ತಿದಳು. ಮತ್ತೆ ಬರಿ ನೀರು. ನೋವಾದರೆ ಕೈ ಎತ್ತು ಎಂದಿದ್ದಳು; ನಾನು ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದೆ, ಎತ್ತುವ ಹಾಗೆ ಏನೂ ಆಗಲಿಲ್ಲ. ಇನ್ನೊಂದು ಸಲ ಒತ್ತಿದಾಗ ತಲೆಯೊಳಗೆ ಏನೋ ಜರುಗಿತು, ಕಲ್ಲು ಚಪ್ಪಡಿ ಸರಿದಂತೆ, ಮತ್ತು ಬಟ್ಟಲಿನಲ್ಲಿ ಹುಣಸೆ ಬೀಜದ ಗಾತ್ರದ, ಅದೇ ಬಣ್ಣದ ಒಂದು ಗಡ್ಡೆ ಬಿತ್ತು.

ಮೊದಲು ಕೇಳಿದ್ದು ಆ ಗಡ್ಡೆ ಬಿದ್ದ ನೀರಿನ ಸದ್ದು. ಆಮೇಲೆ ಎಲ್ಲವೂ ಒಟ್ಟಿಗೆ ಬಂದವು. ಅವ್ವನ ಬಳೆ, ಹಿತ್ತಲಲ್ಲಿ ಎಮ್ಮೆ ಕಿವಿ ಬಡಿದದ್ದು, ಮಾಳಿಗೆಯ ಮೇಲೆ ಗುಬ್ಬಿಗಳ ಕಿತ್ತಾಟ, ಓಣಿಯಲ್ಲಿ ಯಾರೋ ಉಪ್ಪು ಮಾರುತ್ತ ಕೂಗಿದ್ದು. ಯಾರೂ ಮೆಲ್ಲಗಿರಲಿಲ್ಲ. ಜಗತ್ತು ಮೊದಲಿನಂತೆಯೇ ಗದ್ದಲದಲ್ಲಿತ್ತು, ನಾನೊಬ್ಬಳೇ ದೂರವಾಗಿದ್ದೆ. ಎರಡನೆಯ ಕಿವಿಯೂ ತೆರೆದಾಗ ನಾನು ಕಿರುಚಿದೆ. ನನ್ನ ದನಿ ತಲೆಯಿಂದ ಹೊರಬಿದ್ದು ಮಾಳಿಗೆಗೆ ಹೋಗಿ ತಾಗಿತು. ಕಾಕಾ ನಕ್ಕ, ಅಪ್ಪ ಬಟ್ಟಲನ್ನು ಕೆಳಗಿಡುವುದನ್ನೂ ಮರೆತು ಕೂತ. ಅವ್ವ ನನ್ನ ತಲೆಯನ್ನು ಓರೆಮಾಡಿ ನೀರು ಬಸಿದು, ಹೊರಗಿವಿಯನ್ನು ಒರೆಸಿದಳು.

ಆಯಿ ಎದ್ದು ಬಂದು ಬಟ್ಟಲಿನೊಳಗೆ ನೋಡಿದಳು. ಆ ಗಡ್ಡೆಯಿಂದ ಬಿಳಿಯ ಎಳೆಯೊಂದು ಹೊರಗೆ ಚಾಚಿ ನೀರಿನಲ್ಲಿ ತೇಲುತ್ತಿತ್ತು. ದೀಪದ ಬತ್ತಿಯ ಅರಳೆ. ಅವಳು ಬೆರಳಿನಿಂದ ಅದನ್ನು ಮುಟ್ಟಿ, ಕೈ ಹಿಂತೆಗೆದು, ದೇವರ ಗೂಡಿನ ಮುಂದೆ ಹೋಗಿ ಕೂತಳು. ಮರುದಿನ ಬೆಳಿಗ್ಗೆ ಗಂಟು ಕಟ್ಟಿಕೊಂಡು, ಯಾರನ್ನೂ ಕೇಳದೆ, ಸುರಪುರದ ಕಡೆ ಹೊರಟಿದ್ದ ಗಾಡಿ ಹತ್ತಿದಳು. ಎಲ್ಲಿಗೆ ಎಂದು ಕಾಕಾ ಓಡಿಹೋಗಿ ಕೇಳಿದ್ದಕ್ಕೆ ಒಂದೇ ಮಾತು.

“ಬೀಗರ ಮನಿಗಿ.”

ಅವಳು ಬರುವವರೆಗೆ ನಮ್ಮ ಮನೆ ನಿಜವಾಗಿಯೂ ಮೆಲ್ಲಗೆ ಮಾತಾಡಿತು. ಈಗ ನನಗೆ ಎಲ್ಲ ಕೇಳುತ್ತಿತ್ತು, ಆದ್ದರಿಂದ ಎಲ್ಲ ಗೊತ್ತಾಗುತ್ತಿತ್ತು. ಅಪ್ಪ, ಏನೂ ಆಗುವುದಿಲ್ಲ, ನಾನಿದ್ದೇನೆ ಎನ್ನುತ್ತಿದ್ದ. ಅವ್ವ ಮಾತ್ರ ತನ್ನ ಸೀರೆಗಳನ್ನು ಒಗೆದು, ಒಣಗಿಸಿ, ಮಡಚಿ, ಟ್ರಂಕಿನಲ್ಲಿಡದೆ, ತವರಿಗೆ ಹೊರಡುವವಳಂತೆ, ಮೇಲೆಯೇ ಇಟ್ಟಿದ್ದಳು. ನನ್ನ ಲಂಗಗಳನ್ನೂ ಒಗೆಯುತ್ತ, ಯಾವ ಡಬ್ಬಿಯಲ್ಲಿ ಏನಿದೆ, ಎಮ್ಮೆಗೆ ಎಷ್ಟು ಹಿಂಡಿ ಹಾಕಬೇಕು ಎಂದು ಸಣ್ಣಗೆ ಹೇಳಿಕೊಡತೊಡಗಿದಳು. ನನಗೆ ಆಗ ಕಿವಿ ಕೇಳದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಶಾಲೆಗೆ ಮತ್ತೆ ಸೇರಿಸಲು ಅಪ್ಪ ಕೈಹಿಡಿದು ಕರೆದೊಯ್ದಾಗಲೂ, ಅಕ್ಕೋರು ಬೆನ್ನು ತಿರುಗಿಸಿ ಹೇಳಿದ ‘ಮಳೆ’ಯನ್ನು ಸರಿಯಾಗಿ ಬರೆದಾಗಲೂ, ನನ್ನ ಕಿವಿ ಗಾಡಿಯ ಸದ್ದಿಗಾಗಿ ಹೊರಗೇ ಇತ್ತು.

ಆಯಿ ಮರಳಿದ ದಿನ ನಾನು ಕಟ್ಟೆಯ ಮೇಲಿದ್ದೆ. ಅವ್ವ ತಂಬಿಗೆಯಲ್ಲಿ ಕಾಲಿಗೆ ನೀರು ತಂದು, ಸೆರಗು ಹೊದ್ದು, ತಲೆ ತಗ್ಗಿಸಿ ನಿಂತಳು. ಆಯಿ ಕಾಲು ತೊಳೆದುಕೊಂಡಳು, ಗಂಟು ಕೆಳಗಿಟ್ಟಳು, ಅವ್ವನ ಎಡಕ್ಕೆ ಇದ್ದವಳು ಸುತ್ತು ಹಾಕಿ ಬಲಕ್ಕೆ ಬಂದು, ಇಡೀ ಓಣಿಗೆ ಕೇಳುವಂತೆ ಅರಚಿದಳು.

“ನಿಮ್ಮಪ್ಪಗ ಬೈದು ಬಂದೀನಿ!”

“ಇಷ್ಟು ಒದರಬ್ಯಾಡ್ರಿ ಅತ್ತಿ,” ಎಂದಳು ಅವ್ವ, ತಲೆ ಎತ್ತದೆ. “ಈ ಕಿವಿ ಚಲೋ ಅದ್ರಿ.”

ಆಯಿ ತಬ್ಬಿಬ್ಬಾಗಿ ದನಿ ಇಳಿಸಿದಳು. “ಮುಚ್ಚಿಟ್ಟಿದ್ದಕ್ಕ ಬೈದಿಲ್ಲ. ಮದುವಿ ಮಾಡಬೇಕಾದ್ರ ಯಾರು ಮುಚ್ಚಿಡಾಂಗಿಲ್ಲ? ನನ್ನ ಮಗ ಸಿಟ್ಟಿನಾಂವ ಅಂತ ನಾ ಹೇಳಿದ್ನೇನು ಅವರಿಗಿ? ಆದ್ರ ಆಮ್ಯಾಗರ ಹೇಳಬೇಕಿತ್ತೋ ಇಲ್ಲೋ? ಒಂದು ಮಾತು ಹೇಳಿದ್ರ, ಇಷ್ಟು ವರ್ಷ ನಾ ನಿನಗ ಸೊಕ್ಕಿನಾಕಿ, ಸೊಕ್ಕಿನಾಕಿ ಅಂತ ಅಂತಿದ್ದಿಲ್ಲ. ಹಬ್ಬಕ್ಕ ಆ ಕಿವಿಗಿ ಕಾಸಿದ ಎಣ್ಣಿ ಹಾಕ್ತಿದ್ದಿಲ್ಲ. ನನ್ನ ಕೈಲೆ ಇಂಥ ಕೆಲಸ ಮಾಡಸಿದ್ರಲ್ಲ, ಅದಕ್ಕ ಬೈದೆ. ಅವರ ಕಟ್ಟಿ ಮ್ಯಾಲ ನಿಂತು ಬೈದೆ.”

ಅವ್ವ ಕೈಯಲ್ಲಿದ್ದ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು. ಆಮೇಲೆ ತಲೆ ಎತ್ತಿ ಕೇಳಿದಳು.

“ನಮ್ಮಪ್ಪ ಏನಂದನ್ರಿ?”

“ಏನಂತಾರ? ಅತ್ರು. ನಾನೂ ಅತ್ತೆ.” ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು ಹೊಸಿಲು ದಾಟಿದಳು. “ಆಮ್ಯಾಗ ಇಬ್ಬರೂ ಕೂತು ಊಟ ಮಾಡಿದ್ವಿ.”